ಕ್ವಾಂಟಮ್ ಭೌತವಿಜ್ಞಾನ: ಗಣಿತದ ತಳಹದಿ ಮತ್ತು ಇಂದಿನ ಸಂಶೋಧನೆ

ಪರಮಾಣು, ಎಲೆಕ್ಟ್ರಾನ್, ಫೋಟಾನ್ ಮೊದಲಾದ ಸೂಕ್ಷ್ಮ ಕಣಗಳ ನಡವಳಿಕೆಯನ್ನೂ ಅವು ಒಟ್ಟುಗೂಡಿ ಆದ ಲೋಹ, ಹರಳು, ಅನಿಲಗಳ ಗುಣಗಳನ್ನೂ ವಿವರಿಸುವ ಭೌತವಿಜ್ಞಾನದ ಶಾಖೆಯೇ ಕ್ವಾಂಟಮ್ ಭೌತವಿಜ್ಞಾನ. ಕಾಯ್ದ ವಸ್ತು ಹೊರಸೂಸುವ ಬೆಳಕಿನ ಲೆಕ್ಕ ಹಾಕಲು ಹೊರಟ ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ಶಕ್ತಿಯನ್ನು ಬಿಡಿಬಿಡಿ ತುಣುಕುಗಳಾಗಿ ಎಣಿಸಬೇಕಾಯಿತು. ಈ ಶಾಖೆಯ ಚರಿತ್ರೆ ಅಲ್ಲಿಂದ ಶುರು. ಅದು ಸಿದ್ಧಾಂತವಾಗಿ ರೂಪುಗೊಂಡದ್ದು 1925-26ರಲ್ಲಿ. ಅದಕ್ಕೆ ನೂರು ತುಂಬಿದ 2025ನ್ನು ವಿಶ್ವಸಂಸ್ಥೆ ಕ್ವಾಂಟಮ್ ವಿಜ್ಞಾನ ಮತ್ತು ತಂತ್ರಜ್ಞಾನದ ಅಂತರರಾಷ್ಟ್ರೀಯ ವರ್ಷವೆಂದು ಸಾರಿತ್ತು. ಟ್ರಾನ್ಸಿಸ್ಟರ್, ಲೇಸರ್, ಆಸ್ಪತ್ರೆಯ ಎಂಆರ್‌ಐ ಯಂತ್ರ, ಉಪಗ್ರಹದಲ್ಲಿರುವ ಪರಮಾಣು ಗಡಿಯಾರ ಎಲ್ಲವೂ ಇದರ ಫಲಗಳೇ. ಎಲೆಕ್ಟ್ರಾನಿನ ಕಾಂತೀಯ ಸಾಮರ್ಥ್ಯ ಎಷ್ಟೆಂದು ಸಿದ್ಧಾಂತ ಲೆಕ್ಕ ಹಾಕಿ ಹೇಳುವ ಸಂಖ್ಯೆಗೂ ಪ್ರಯೋಗಶಾಲೆಯಲ್ಲಿ ಅಳೆದ ಸಂಖ್ಯೆಗೂ ಹತ್ತಕ್ಕಿಂತ ಹೆಚ್ಚು ಅಂಕಿಗಳವರೆಗೆ ಹೊಂದಾಣಿಕೆ ಇದೆ. ವಿಜ್ಞಾನದ ಬೇರೆ ಯಾವ ಭಾಗದಲ್ಲೂ ಇಷ್ಟು ನಿಖರತೆ ಸುಲಭವಾಗಿ ಸಿಗುವುದಿಲ್ಲ.

ಜನಪ್ರಿಯ ಬರಹಗಳಲ್ಲಿ ಈ ವಿಜ್ಞಾನದ ಪ್ರಸ್ತಾಪ ಬಂದಾಗಲೆಲ್ಲ ಅದರ ವಿಚಿತ್ರದ ಮಾತೇ ಮುಂದಾಗುತ್ತದೆ: ಕಣ ಏಕಕಾಲಕ್ಕೆ ಎರಡು ದಾರಿ ಹಿಡಿಯುವುದು, ಷ್ರೋಡಿಂಗರನ ಬೆಕ್ಕು, ದೂರದಲ್ಲಿದ್ದೂ ನಂಟು ಕಳೆದುಕೊಳ್ಳದ ಜೋಡಿಗಳು. ಸಂಶೋಧಕರನ್ನು ನಿಜವಾಗಿ ಕಟ್ಟಿಹಾಕಿರುವ ತೊಡಕು ಬೇರೆಯದು. ಕೆಲವೇ ಕಣಗಳ, ಕೆಲವೇ ಸ್ಥಿತಿಗಳ ಕ್ವಾಂಟಮ್ ಗಣಿತ ಎಲ್ಲೂ ಎಡವುವುದಿಲ್ಲ. ಅದು ಪದವಿ ತರಗತಿಯ ಬೀಜಗಣಿತ. ಕಣಗಳ ಸಂಖ್ಯೆಗೋ ಸ್ಥಿತಿಗಳ ಸಂಖ್ಯೆಗೋ ಮಿತಿಯಿಲ್ಲವಾದಾಗ, ಅಂದರೆ ಲೆಕ್ಕದೊಳಕ್ಕೆ ಅನಂತ ಕಾಲಿಟ್ಟಾಗ, ಹಳೆಯ ಪ್ರಮೇಯಗಳು ಒಂದೊಂದಾಗಿ ಕೈಕೊಡುತ್ತವೆ. ಈಗಿನ ಮುಖ್ಯ ಸಂಶೋಧನೆಗಳನ್ನು ಈ ಗೆರೆಯನ್ನು ಹಿಡಿದು ನೋಡಿದರೆ ಅವುಗಳ ಪರಸ್ಪರ ಸಂಬಂಧ ಚೆನ್ನಾಗಿ ಕಾಣುತ್ತದೆ.

ಮಾತೃಕೆಗಳಿಂದ ಆಪರೇಟರ್ ಬೀಜಗಣಿತಕ್ಕೆ

1925ರ ಜೂನ್‌ನಲ್ಲಿ ಪರಾಗದ ಅಲರ್ಜಿ ತಾಳಲಾರದೆ ಉತ್ತರ ಸಮುದ್ರದ ಹೆಲ್ಗೊಲ್ಯಾಂಡ್ ದ್ವೀಪಕ್ಕೆ ಹೋಗಿದ್ದ ವರ್ನರ್ ಹೈಸನ್‌ಬರ್ಗ್, ಎಲೆಕ್ಟ್ರಾನಿನ ಕಕ್ಷೆಯ ಚಿತ್ರವನ್ನು ಕೈಬಿಟ್ಟು, ಪರಮಾಣುವಿನಿಂದ ಹೊರಬರುವ ಬೆಳಕಿನ ಆವರ್ತ ಮತ್ತು ತೀವ್ರತೆಗಳನ್ನಷ್ಟೇ ಕೋಷ್ಟಕಗಳಲ್ಲಿ ಬರೆದು ಲೆಕ್ಕ ಮಾಡಿದ. ಆ ಕೋಷ್ಟಕಗಳು ಗಣಿತಜ್ಞರಿಗೆ ಆಗಲೇ ಗೊತ್ತಿದ್ದ ಮಾತೃಕೆಗಳು ಎಂದು ಗುರುತಿಸಿದವರು ಗಾಟಿಂಗೆನ್ನಿನ ಮ್ಯಾಕ್ಸ್ ಬಾರ್ನ್. ಮಾತೃಕೆಗಳ ಗುಣಾಕಾರದಲ್ಲಿ ಕ್ರಮ ಬದಲಾದರೆ ಉತ್ತರವೂ ಬದಲಾಗಬಹುದು. ಕಣದ ಸ್ಥಾನದ ಮಾತೃಕೆಯನ್ನು ಸಂವೇಗದ ಮಾತೃಕೆಯಿಂದ ಗುಣಿಸಿ, ಅದರಿಂದ ತಿರುವುಮುರುವು ಗುಣಲಬ್ಧವನ್ನು ಕಳೆದರೆ ಸೊನ್ನೆ ಬರುವುದಿಲ್ಲ. ಕರ್ಣದ ಮೇಲೆಲ್ಲ ಒಂದೇ ಸಂಖ್ಯೆಯಿರುವ, ಉಳಿದೆಡೆ ಸೊನ್ನೆಯಿರುವ ಒಂದು ಮಾತೃಕೆ ಬರುತ್ತದೆ. ಆ ಸಂಖ್ಯೆ ಪ್ಲಾಂಕ್ ಸ್ಥಿರಾಂಕಕ್ಕೆ ಅನುಪಾತದಲ್ಲಿರುತ್ತದೆ. ಅನಿಶ್ಚಿತತಾ ತತ್ತ್ವದ ಬೇರು ಇದೇ.

ಈ ಒಂದು ಸಮೀಕರಣದಲ್ಲೇ ಅನಂತ ಅಡಗಿದೆ ಎಂಬುದನ್ನು ಪಿಯುಸಿಯಲ್ಲಿ ಮಾತೃಕೆ ಕಲಿತವರೂ ಪರೀಕ್ಷಿಸಿ ನೋಡಬಹುದು. ಒಂದೇ ಅಳತೆಯ ಎರಡು ಚೌಕ ಮಾತೃಕೆಗಳನ್ನು ಯಾವ ಕ್ರಮದಲ್ಲಿ ಗುಣಿಸಿದರೂ ಗುಣಲಬ್ಧದ ಮುಖ್ಯ ಕರ್ಣದ ಸಂಖ್ಯೆಗಳ ಮೊತ್ತ ಒಂದೇ. ಆದ್ದರಿಂದ ಎರಡು ಗುಣಲಬ್ಧಗಳ ವ್ಯತ್ಯಾಸದಲ್ಲಿ ಆ ಮೊತ್ತ ಸೊನ್ನೆಯಾಗಲೇಬೇಕು. ಸಮೀಕರಣದ ಬಲಬದಿಯಲ್ಲಾದರೋ ಕರ್ಣದ ಉದ್ದಕ್ಕೂ ಸೊನ್ನೆಯಲ್ಲದ ಒಂದೇ ಸಂಖ್ಯೆ ಕೂತಿದೆ. ಅದರ ಮೊತ್ತ ಸೊನ್ನೆಯಾಗದು. ಎರಡು ಸಾಲು ಇರಲಿ, ಎರಡು ಕೋಟಿ ಸಾಲು ಇರಲಿ, ಯಾವ ಸಾಂತ ಮಾತೃಕೆಗೂ ಈ ಸಮೀಕರಣ ಹೊಂದುವುದಿಲ್ಲ. ಅನಂತ ಸಾಲುಗಳಿದ್ದಾಗ ಮಾತ್ರ ಕರ್ಣದ ಮೊತ್ತಕ್ಕೆ ಅರ್ಥ ತಪ್ಪಿ ದಾರಿ ತೆರೆಯುತ್ತದೆ. ಒಂದೇ ಒಂದು ಕಣ ನೇರ ಗೆರೆಯ ಮೇಲೆ ಓಡಾಡುವ ಅತಿ ಸರಳ ಸಮಸ್ಯೆಗೂ ಅನಂತ ಬೇಕೇ ಬೇಕು.

ಈ ಅನಂತ ಮಾತೃಕೆಗಳಿಗೆ ಗಟ್ಟಿಯಾದ ನೆಲ ಒದಗಿಸಿದವರು ಜಾನ್ ಫಾನ್ ನಾಯ್ಮನ್. ಅವರ 1932ರ ಗ್ರಂಥ ಕ್ವಾಂಟಮ್ ಸ್ಥಿತಿಯನ್ನು ಹಿಲ್ಬರ್ಟ್ ಅವಕಾಶವೆಂಬ, ಅನಂತ ಆಯಾಮಗಳೂ ಇರಬಹುದಾದ ಸದಿಶ ಅವಕಾಶದ ಸದಿಶವಾಗಿಯೂ, ಅಳೆಯಬಹುದಾದ ಪ್ರತಿಯೊಂದು ರಾಶಿಯನ್ನು ಆ ಅವಕಾಶದ ಮೇಲಿನ, ಮಾತೃಕೆಯ ವಿಸ್ತೃತ ರೂಪವಾದ ಆಪರೇಟರ್ ಆಗಿಯೂ ಕಂಡಿತು. ಕಣಗಳ ಸಂಖ್ಯೆ ಮಿತವಾಗಿದ್ದರೆ ಹೈಸನ್‌ಬರ್ಗನ ಮಾತೃಕೆ ವಿಧಾನವೂ ಷ್ರೋಡಿಂಗರನ ಅಲೆಯ ವಿಧಾನವೂ ಒಂದೇ ಎಂಬುದನ್ನು ಸ್ಟೋನ್-ಫಾನ್ ನಾಯ್ಮನ್ ಪ್ರಮೇಯ ಖಚಿತಪಡಿಸಿತು. ಅನಂತ ಕಣಗಳಿರುವ ಹರಳಿಗೆ, ಎಲ್ಲೆಡೆ ಹರಡಿದ ವಿದ್ಯುತ್ಕಾಂತ ಕ್ಷೇತ್ರಕ್ಕೆ ಬಂದಾಗ ಆ ಪ್ರಮೇಯ ಅನ್ವಯಿಸುವುದಿಲ್ಲ. ಒಂದೇ ನಿಯಮಗಳಿಗೆ ಪರಸ್ಪರ ಹೊಂದದ ಅಸಂಖ್ಯ ರೂಪಗಳು ಹುಟ್ಟಿಕೊಳ್ಳುತ್ತವೆ. ನೀರು ಹೆಪ್ಪುಗಟ್ಟುವುದು, ಕಬ್ಬಿಣ ಅಯಸ್ಕಾಂತವಾಗುವುದು ಮುಂತಾದ ಹಂತ ಬದಲಾವಣೆಗಳನ್ನು ಗಣಿತವಾಗಿ ವರ್ಣಿಸಲು ಸಾಧ್ಯವಾಗುವುದು ಈ ಬಹುರೂಪಗಳಿಂದಲೇ. ಹೀಗಾಗಿ ಪ್ರಮೇಯ ಸೋತದ್ದು ನಷ್ಟವಲ್ಲ, ದೊಡ್ಡ ಲಾಭ.

1936ರಿಂದ ಫ್ರಾನ್ಸಿಸ್ ಮರ್ರೆ ಅವರ ಜೊತೆ ಸೇರಿ ಫಾನ್ ನಾಯ್ಮನ್ ಇಂಥ ಆಪರೇಟರುಗಳ ಬೀಜಗಣಿತಗಳನ್ನು ಮೂರು ಬಗೆಗಳಾಗಿ ವಿಂಗಡಿಸಿದರು. ಮೊದಲ ಬಗೆ ಸಾಮಾನ್ಯ ಕ್ವಾಂಟಮ್ ಯಂತ್ರವಿಜ್ಞಾನದ್ದು. ಅಲ್ಲಿ ಆಯಾಮವನ್ನು 1, 2, 3 ಎಂದು ಎಣಿಸಬಹುದು. ಎರಡನೆಯದರಲ್ಲಿ ಆಯಾಮ ಯಾವುದೇ ಭಿನ್ನರಾಶಿಯಾಗಬಹುದು, ಅಭಾಗಲಬ್ಧ ಸಂಖ್ಯೆಯೂ ಆಗಬಹುದು. ಮೂರನೆಯದರಲ್ಲಿ ಅಳತೆಯ ಕಲ್ಪನೆಯೇ ನಿಲ್ಲುವುದಿಲ್ಲ. ಭೌತವಿಜ್ಞಾನಿಗಳಲ್ಲಿ ಹೆಚ್ಚಿನವರು ಇದನ್ನು ಬಹುಕಾಲ ಶುದ್ಧ ಗಣಿತದ ಕುತೂಹಲವೆಂದು ಬದಿಗಿಟ್ಟರು. ಆದರೆ ಎರಡನೆಯ ಬಗೆಯ ಬೀಜಗಣಿತಗಳನ್ನು ಅಭ್ಯಸಿಸುತ್ತಿದ್ದ ವಾನ್ ಜೋನ್ಸ್‌ಗೆ 1984ರಲ್ಲಿ ಹಗ್ಗದ ಗಂಟುಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸುವ ಹೊಸ ಬಹುಪದೋಕ್ತಿ ಸಿಕ್ಕಿತು. ಐದು ವರ್ಷಗಳಲ್ಲಿ ಎಡ್ವರ್ಡ್ ವಿಟ್ಟನ್ ಅದೇ ಬಹುಪದೋಕ್ತಿಯನ್ನು ಮೂರು ಆಯಾಮಗಳ ಒಂದು ಕ್ವಾಂಟಮ್ ಕ್ಷೇತ್ರ ಸಿದ್ಧಾಂತದಿಂದ ಹೊರತೆಗೆದು ತೋರಿಸಿದರು. 1990ರಲ್ಲಿ ಇಬ್ಬರಿಗೂ ಫೀಲ್ಡ್ಸ್ ಪದಕ ಬಂತು. ಮೂರನೆಯ ಬಗೆಯ ಕಥೆ ಈ ಲೇಖನದ ಕೊನೆಯ ಭಾಗದಲ್ಲಿದೆ.

ಹೆಣೆದುಕೊಂಡ ಜೋಡಿಗಳು: ಆಟದಿಂದ ಗಣಿತದ ಮಿತಿಯವರೆಗೆ

ಎರಡು ಕಣಗಳ ಒಟ್ಟು ಸ್ಥಿತಿ ಪೂರ್ತಿ ಗೊತ್ತಿದ್ದರೂ ಬಿಡಿಯಾಗಿ ಒಂದೊಂದಕ್ಕೂ ಖಚಿತ ಸ್ಥಿತಿ ಇಲ್ಲದಿರುವುದನ್ನು ಎಂಟ್ಯಾಂಗಲ್‌ಮೆಂಟ್ ಅಥವಾ ಕ್ವಾಂಟಮ್ ಹೆಣಿಗೆ ಎನ್ನುತ್ತಾರೆ. 1935ರಲ್ಲಿ ಐನ್‌ಸ್ಟೈನ್, ಪೊಡೊಲ್ಸ್‌ಕಿ, ರೋಸೆನ್ ಇದನ್ನು ಮುಂದಿಟ್ಟು, ಸಿದ್ಧಾಂತ ಅಪೂರ್ಣವಿರಬೇಕು ಎಂದು ವಾದಿಸಿದ್ದರು. 1964ರಲ್ಲಿ ಜಾನ್ ಬೆಲ್ ಆ ವಾದವನ್ನು ಪ್ರಯೋಗದಿಂದ ತೀರ್ಮಾನಿಸಬಹುದಾದ ಅಸಮತೆಯಾಗಿ ಬದಲಿಸಿದರು. 1969ರಲ್ಲಿ ಕ್ಲೌಸರ್, ಹಾರ್ನ್, ಶಿಮೊನಿ, ಹೋಲ್ಟ್ ಅದಕ್ಕೆ ಕೊಟ್ಟ ರೂಪವನ್ನು ಒಂದು ಆಟವಾಗಿ ಹೇಳುವ ಪದ್ಧತಿ ಈಗ ಬಂದಿದೆ. ಪರಸ್ಪರ ಮಾತನಾಡಲಾರದಷ್ಟು ದೂರ ಕೂತ ಇಬ್ಬರು ಆಟಗಾರರಿಗೆ ತೀರ್ಪುಗಾರ 0 ಅಥವಾ 1 ಎಂಬ ಪ್ರಶ್ನೆ ಕಳಿಸುತ್ತಾನೆ. ಅವರೂ 0 ಅಥವಾ 1 ಎಂದು ಉತ್ತರಿಸಬೇಕು. ಇಬ್ಬರಿಗೂ 1 ಬಂದಿದ್ದರೆ ಉತ್ತರಗಳು ಬೇರೆಬೇರೆ ಆಗಿರಬೇಕು, ಉಳಿದ ಮೂರು ಸಂದರ್ಭಗಳಲ್ಲಿ ಒಂದೇ ಆಗಿರಬೇಕು. ಮೊದಲೇ ಏನೇ ಮಾತಾಡಿಕೊಂಡು ಬಂದಿದ್ದರೂ ಸರಾಸರಿ 75 ಶೇಕಡಕ್ಕಿಂತ ಹೆಚ್ಚು ಸಲ ಗೆಲ್ಲಲಾಗದು. ಇಬ್ಬರೂ ಒಂದೊಂದು ಹೆಣೆದುಕೊಂಡ ಕಣವನ್ನು ಇಟ್ಟುಕೊಂಡು, ಬಂದ ಪ್ರಶ್ನೆಗೆ ತಕ್ಕ ಕೋನದಲ್ಲಿ ಅದನ್ನು ಅಳೆದು ಉತ್ತರಿಸಿದರೆ ಗೆಲುವು ಸುಮಾರು 85.36 ಶೇಕಡಕ್ಕೆ ಏರುತ್ತದೆ. ಅದಕ್ಕಿಂತ ಮೇಲೆ ಹೋಗಲು ಪ್ರಕೃತಿ ಬಿಡುವುದಿಲ್ಲ ಎಂದು ಬೋರಿಸ್ ಸಿರೆಲ್‌ಸನ್ 1980ರಲ್ಲಿ ಸಾಧಿಸಿದರು.

ಪ್ರಯೋಗಗಳು ಈ ಲೆಕ್ಕವನ್ನು ಎತ್ತಿ ಹಿಡಿದಿವೆ. 1972ರಲ್ಲಿ ಫ್ರೀಡ್‌ಮನ್ ಮತ್ತು ಕ್ಲೌಸರ್, 1982ರಲ್ಲಿ ಆಲೆನ್ ಆಸ್ಪೆ, ಬಳಿಕ ಆಂಟನ್ ಝೈಲಿಂಗರ್ ತಂಡ ಒಂದೊಂದೇ ಸಂದೇಹವನ್ನು ತೊಡೆದುಹಾಕುತ್ತ ಹೋದವು. 2015ರಲ್ಲಿ ನೆದರ್‌ಲ್ಯಾಂಡಿನ ಡೆಲ್ಫ್ಟ್‌ನಲ್ಲಿ 1.3 ಕಿಲೋಮೀಟರ್ ಅಂತರದ ಎರಡು ವಜ್ರದ ಹರಳುಗಳ ನಡುವೆ ನಡೆದ ಪ್ರಯೋಗ, ಅದೇ ವರ್ಷ ವಿಯೆನ್ನಾ ಮತ್ತು ಅಮೆರಿಕದ ಬೋಲ್ಡರ್‌ನಲ್ಲಿ ನಡೆದ ಪ್ರಯೋಗಗಳು ಮುಖ್ಯ ನುಣುಚುದಾರಿಗಳನ್ನೆಲ್ಲ ಒಟ್ಟಿಗೆ ಮುಚ್ಚಿದವು. 2022ರ ನೊಬೆಲ್ ಕ್ಲೌಸರ್, ಆಸ್ಪೆ, ಝೈಲಿಂಗರ್ ಮೂವರಿಗೆ ಸಂದಿತು.

ಪ್ರಯೋಗದ ಮಟ್ಟಿಗೆ ಕಥೆ ಮುಗಿದಂತೆ ಕಂಡರೂ ಗಣಿತದಲ್ಲಿ ಅದು ಅಲ್ಲಿಂದ ಮುಂದೆ ಬೆಳೆಯಿತು. ಇಬ್ಬರು ಆಟಗಾರರು ದೂರ ಇದ್ದಾರೆ ಎಂಬುದನ್ನು ಎರಡು ಬಗೆಯಲ್ಲಿ ಬರೆಯಬಹುದು. ಇಬ್ಬರಿಗೂ ಬೇರೆಬೇರೆ ಹಿಲ್ಬರ್ಟ್ ಅವಕಾಶಗಳನ್ನು ಕೊಟ್ಟು ಜೋಡಿಸುವುದು ಒಂದು. ಒಂದೇ ಅವಕಾಶದಲ್ಲಿ ಇಬ್ಬರನ್ನೂ ಇಟ್ಟು, ಒಬ್ಬರ ಆಪರೇಟರನ್ನು ಇನ್ನೊಬ್ಬರದರ ಜೊತೆ ಯಾವ ಕ್ರಮದಲ್ಲಿ ಗುಣಿಸಿದರೂ ಉತ್ತರ ಬದಲಾಗಬಾರದು ಎಂದು ವಿಧಿಸುವುದು ಇನ್ನೊಂದು. ಕ್ಷೇತ್ರ ಸಿದ್ಧಾಂತದವರು ಇದನ್ನೇ ಬಳಸುತ್ತಾರೆ. ಸಾಂತ ಆಯಾಮದಲ್ಲಿ ಎರಡೂ ಒಂದೇ. ಅನಂತದಲ್ಲಿ? ಸಿರೆಲ್‌ಸನ್ ಕೇಳಿದ ಈ ಪ್ರಶ್ನೆಯೂ, ಎರಡನೆಯ ಬಗೆಯ ಬೀಜಗಣಿತಗಳನ್ನೆಲ್ಲ ಸಾಂತ ಮಾತೃಕೆಗಳಿಂದ ಬೇಕಾದಷ್ಟು ಹತ್ತಿರಕ್ಕೆ ತರಬಹುದೇ ಎಂದು ಆಲೆನ್ ಕಾನ್ 1976ರಲ್ಲಿ ಎತ್ತಿದ್ದ ಪ್ರಶ್ನೆಯೂ ಒಂದೇ ಎಂಬುದು ಮುಂದೆ ತಿಳಿಯಿತು. 2020ರಲ್ಲಿ ಜಿ, ನಟರಾಜನ್, ವಿಡಿಕ್, ರೈಟ್, ಯುಯೆನ್ ಎಂಬ ಐವರು ಎರಡಕ್ಕೂ ಇಲ್ಲ ಎಂಬ ಉತ್ತರ ಕೊಟ್ಟರು. ಅವರು ಹಿಡಿದ ದಾರಿ ಗಣಕ ವಿಜ್ಞಾನದ್ದು. ಹೆಣೆದುಕೊಂಡ ಕಣಗಳನ್ನು ಬಳಸುವ ಸರ್ವಶಕ್ತ ಆಟಗಾರರಿಬ್ಬರನ್ನು ಪ್ರಶ್ನಿಸುತ್ತ, ಒಂದು ಪ್ರೋಗ್ರಾಮ್ ಎಂದಾದರೂ ನಿಲ್ಲುತ್ತದೆ ಎಂಬ ಮಾತನ್ನು ಮಿತವಾದ ಸಮಯದಲ್ಲಿ ಒರೆಗೆ ಹಚ್ಚಬಹುದು ಎಂದು ಅವರು ತೋರಿಸಿದರು. ಪ್ರೋಗ್ರಾಮ್ ನಿಲ್ಲುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ವಿಧಾನವೇ ಇಲ್ಲವೆಂದು ಆಲನ್ ಟ್ಯೂರಿಂಗ್ 1936ರಲ್ಲಿ ಸಾಧಿಸಿದ್ದರಿಂದ, ಎರಡು ವರ್ಣನೆಗಳೂ ಒಂದೇ ಆಗಿದ್ದರೆ ವಿರೋಧಾಭಾಸ ಬರುತ್ತಿತ್ತು. ಬೆಲ್‌ನ ಪುಟ್ಟ ಅಸಮತೆಯೊಂದು ತರ್ಕಶಾಸ್ತ್ರದ ಮಿತಿಗಳವರೆಗೆ ಬೆಳೆದು ಬಂದ ಈ ಸಾಧನೆ, ಈ ಶತಮಾನದ ಗಣಿತದ ಅತಿ ಸುಂದರ ಕೃತಿಗಳಲ್ಲಿ ಒಂದೆಂದು ಧೈರ್ಯವಾಗಿ ಹೇಳಬಹುದು. ಆ ವ್ಯತ್ಯಾಸವನ್ನು ಎತ್ತಿ ತೋರಿಸುವ, ಕೈಯಲ್ಲಿ ಬರೆದು ಮುಗಿಸಬಹುದಾದಷ್ಟು ಸರಳ ಆಟವೊಂದನ್ನು ಕಂಡುಹಿಡಿಯುವುದು ಈಗ ಮುಂದಿರುವ ಕೆಲಸ.

ಇದೇ ಜಾತಿಯ ಇನ್ನೊಂದು ಫಲಿತಾಂಶವನ್ನು 2015ರಲ್ಲಿ ಕ್ಯೂಬಿಟ್, ಪೆರೆಸ್-ಗಾರ್ಸಿಯಾ, ವುಲ್ಫ್ ಪ್ರಕಟಿಸಿದ್ದರು. ಜಾಲಕದ ಮೇಲೆ ಅನಂತವಾಗಿ ಹರಡಿದ ಕ್ವಾಂಟಮ್ ಕಣಗಳ ಅತಿ ಕೆಳಗಿನ ಶಕ್ತಿಮಟ್ಟಕ್ಕೂ ಅದರ ಮೇಲಿನ ಮಟ್ಟಕ್ಕೂ ಅಂತರ ಇದೆಯೇ ಎಂಬುದನ್ನು ಎಲ್ಲ ಸಂದರ್ಭಗಳಿಗೂ ಅನ್ವಯಿಸುವಂತೆ ತೀರ್ಮಾನಿಸುವ ವಿಧಾನ ಇರಲಾರದು.

ಹಂತಕೋನ, ಟೊಪಾಲಜಿ ಮತ್ತು ಹೊಸ ವಸ್ತುಗಳು

ಕ್ಲೌಸ್ ಫಾನ್ ಕ್ಲಿಟ್ಸಿಂಗ್ 1980ರಲ್ಲಿ, ತೆಳುಪದರದಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳನ್ನು ಅತಿಶೀತದಲ್ಲಿ ಪ್ರಬಲ ಕಾಂತಕ್ಷೇತ್ರಕ್ಕೆ ಒಡ್ಡಿ ಅವುಗಳ ಹಾಲ್ ರೋಧವನ್ನು (ಪ್ರವಾಹಕ್ಕೆ ಅಡ್ಡಲಾಗಿ ಏಳುವ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದ ಪ್ರಮಾಣವನ್ನು) ಅಳೆಯುತ್ತಿದ್ದರು. ರೋಧ ನಯವಾಗಿ ಏರುವ ಬದಲು ಮೆಟ್ಟಿಲುಮೆಟ್ಟಿಲಾಗಿ ಏರಿತು. ಪ್ರತಿ ಮೆಟ್ಟಿಲಿನ ಬೆಲೆ 25,812.807 ಓಮ್ ಅನ್ನು ಒಂದು ಪೂರ್ಣಾಂಕದಿಂದ ಭಾಗಿಸಿದಷ್ಟು. ತುಣುಕಿನ ಆಕಾರ ಹೇಗೇ ಇರಲಿ, ಅದರಲ್ಲಿ ಕಲ್ಮಶ ಇರಲಿ, ಈ ಅಂಕಿ ಅಲ್ಲಾಡಲಿಲ್ಲ. ಉದ್ದಿನ ವಡೆಯನ್ನು ಎಷ್ಟೇ ಒತ್ತಿ ಎಳೆದರೂ, ಹರಿಯದ ಹೊರತು, ಅದರ ತೂತು ಒಂದೇ ಆಗಿ ಉಳಿಯುವ ಹಾಗೆ, ಇಲ್ಲಿಯೂ ಸಣ್ಣಪುಟ್ಟ ಬದಲಾವಣೆಗೆ ಜಗ್ಗದ ಒಂದು ಎಣಿಕೆ ಇದೆ. ಇಂಥ ಎಣಿಕೆಗಳ ಗಣಿತವೇ ಟೊಪಾಲಜಿ. 1982ರಲ್ಲಿ ಥೌಲೆಸ್, ಕೊಹ್ಮೊಟೊ, ನೈಟಿಂಗೇಲ್, ಡೆನ್ ನೀಸ್ ಆ ಎಣಿಕೆಯ ಸೂತ್ರವನ್ನು ಕೊಟ್ಟರು. ಅದು ಗಣಿತಜ್ಞರು ಚರ್ನ್ ಸಂಖ್ಯೆ ಎಂದು ಬಲ್ಲ ಪೂರ್ಣಾಂಕವೇ ಎಂದು ಮರುವರ್ಷ ಬ್ಯಾರಿ ಸೈಮನ್ ಗುರುತಿಸಿದರು. ಈ ರೋಧ ಎಷ್ಟು ನಂಬಿಕೆಯದೆಂದರೆ ಇಂದು ಪ್ರಪಂಚದ ಅಳತೆ ಸಂಸ್ಥೆಗಳು ಓಮ್ ಮಾನವನ್ನು ಇದರಿಂದಲೇ ಸಾಕಾರಗೊಳಿಸುತ್ತವೆ.

ಈ ಎಣಿಕೆಯ ಹಿಂದಿರುವುದು ಜ್ಯಾಮಿತೀಯ ಹಂತಕೋನ. ಕ್ವಾಂಟಮ್ ವ್ಯವಸ್ಥೆಯೊಂದನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ ಮೊದಲಿನ ಸ್ಥಿತಿಗೆ ತಂದರೂ ಅದರ ಅಲೆಯಲ್ಲಿ ನಡೆದ ಹಾದಿಯ ಗುರುತು ಉಳಿಯುತ್ತದೆ ಎಂದು ಮೈಕೆಲ್ ಬೆರ್ರಿ 1984ರಲ್ಲಿ ತೋರಿಸಿದರು. ಇದರ ಸಾರ ಬೆಂಗಳೂರಿನಲ್ಲಿ 28 ವರ್ಷ ಮೊದಲೇ ಮುದ್ರಣವಾಗಿತ್ತು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹರಳುಗಳ ಮೂಲಕ ಹಾಯುವ ಬೆಳಕಿನ ವ್ಯತಿಕರಣವನ್ನು ಅಭ್ಯಸಿಸುತ್ತಿದ್ದ ಎಸ್. ಪಂಚರತ್ನಂ, 1956ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಬೇರೆಬೇರೆ ಧ್ರುವೀಕರಣದ ಎರಡು ಕಿರಣಗಳ ಹಂತ ಒಂದೇ ಎಂದು ಯಾವಾಗ ಹೇಳಬಹುದು ಎಂಬ ಸರಳ ಪ್ರಶ್ನೆ ಕೇಳಿಕೊಂಡರು. ಎರಡೂ ಸೇರಿದಾಗ ಬೆಳಕು ಅತಿ ಹೆಚ್ಚು ತೀವ್ರವಾಗಿದ್ದರೆ ಹಂತ ಒಂದೇ ಎಂದರು. ಆ ವ್ಯಾಖ್ಯೆಯಿಂದ ಹೊರಟರೆ ಒಂದು ಸೋಜಿಗ ಎದುರಾಗುತ್ತದೆ: ಮೊದಲ ಕಿರಣಕ್ಕೂ ಎರಡನೆಯದಕ್ಕೂ ಹಂತ ಹೊಂದಿದ್ದು, ಎರಡನೆಯದಕ್ಕೂ ಮೂರನೆಯದಕ್ಕೂ ಹೊಂದಿದ್ದರೂ, ಮೊದಲನೆಯದಕ್ಕೂ ಮೂರನೆಯದಕ್ಕೂ ಹೊಂದಬೇಕೆಂದಿಲ್ಲ. ಮೂರು ಧ್ರುವೀಕರಣಗಳನ್ನು ಪ್ವಾಂಕರೆ ಗೋಳದ ಮೇಲಿನ ಮೂರು ಬಿಂದುಗಳಾಗಿ ಗುರುತಿಸಿ ತ್ರಿಕೋನ ಎಳೆದರೆ, ಉಳಿಯುವ ವ್ಯತ್ಯಾಸ ಆ ತ್ರಿಕೋನ ಗೋಳದ ಕೇಂದ್ರದಲ್ಲಿ ರಚಿಸುವ ಘನಕೋನದ ಅರ್ಧ. ಈ ಕೃತಿಯನ್ನು 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಮತ್ತೆ ಬೆಳಕಿಗೆ ತಂದರು. ಬೆರ್ರಿಯವರೇ ಮರುವರ್ಷ ಪಂಚರತ್ನಂ ಅವರ ಆದ್ಯತೆಯನ್ನು ಮನಸಾರೆ ಒಪ್ಪಿ ಬರೆದರು. 1988ರಲ್ಲಿ ಅದೇ ಸಂಸ್ಥೆಯ ಜೋಸೆಫ್ ಸ್ಯಾಮ್ಯುಯೆಲ್ ಮತ್ತು ರಾಜೇಂದ್ರ ಭಂಡಾರಿ ಈ ವಿಚಾರವನ್ನು ಎಲ್ಲ ಕ್ವಾಂಟಮ್ ವ್ಯವಸ್ಥೆಗಳಿಗೂ ವಿಸ್ತರಿಸಿದರು. ಪಂಚರತ್ನಂ 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ, ಮೂವತ್ತೈದರಲ್ಲೇ ತೀರಿಕೊಂಡಿದ್ದರು. ತಮ್ಮ ಕೆಲಸ ಎಲ್ಲಿಗೆ ಮುಟ್ಟಿತೆಂದು ಅವರಿಗೆ ತಿಳಿಯಲೇ ಇಲ್ಲ.

ಜಾಲಕದಲ್ಲಿರುವ ಎಲೆಕ್ಟ್ರಾನಿಗೆ ಕಾಂತಕ್ಷೇತ್ರ ಒಡ್ಡಿದಾಗ ಅದರ ಶಕ್ತಿಮಟ್ಟಗಳ ಚಿತ್ರ ಚಿಟ್ಟೆಯ ರೆಕ್ಕೆಯಂತೆ ಕಾಣುತ್ತದೆಂದು ಡಗ್ಲಸ್ ಹಾಫ್‌ಸ್ಟಾಟರ್ 1976ರಲ್ಲಿ ಬರೆದಿದ್ದರು. ಪ್ರತಿ ಚೌಕದ ಮೂಲಕ ಹಾಯುವ ಕಾಂತಪ್ರವಾಹ ಅಭಾಗಲಬ್ಧ ಸಂಖ್ಯೆಯಾಗಿದ್ದರೆ ಆ ಮಟ್ಟಗಳ ನಡುವೆ ಎಲ್ಲ ಕಡೆ ಬಿರುಕುಗಳೇ ಇರುತ್ತವೆಯೇ ಎಂಬ ಪ್ರಶ್ನೆಗೆ, ಉತ್ತರ ಹೇಳಿದವರಿಗೆ ಹತ್ತು ಲೋಟ ಮಾರ್ಟಿನಿ ಕೊಡಿಸುವೆನೆಂದು ಗಣಿತಜ್ಞ ಮಾರ್ಕ್ ಕಾಟ್ಸ್ ಘೋಷಿಸಿದ್ದರಿಂದ ಅದಕ್ಕೆ ‘ಹತ್ತು ಮಾರ್ಟಿನಿ ಸಮಸ್ಯೆ’ ಎಂಬ ಹೆಸರೇ ನಿಂತಿತು. ಆರ್ಟರ್ ಆವಿಲಾ ಮತ್ತು ಸ್ವೆಟ್ಲಾನಾ ಜಿಟೊಮಿರ್ಸ್ಕಾಯಾ ಹೌದೆಂದು ಸಾಧಿಸಿದ ಪ್ರಬಂಧ 2009ರಲ್ಲಿ ಪ್ರಕಟವಾಯಿತು. ಬಿರುಕುಬಿರುಕಾದ ಈ ಗಣ ಅಭಾಗಲಬ್ಧ ಸಂಖ್ಯೆಗಳ ಸೂಕ್ಷ್ಮ ಸ್ವಭಾವವನ್ನು ಅವಲಂಬಿಸಿದೆ. ಪ್ರಯೋಗಶಾಲೆಯ ಎಲೆಕ್ಟ್ರಾನ್ ಹೀಗೆ ಸಂಖ್ಯಾಸಿದ್ಧಾಂತಕ್ಕೆ ಬಂದು ಮುಟ್ಟುತ್ತದೆ.

1982ರಲ್ಲಿ ಹಾಲ್ ರೋಧದಲ್ಲಿ ಪೂರ್ಣಾಂಕದ ಬದಲು ಮೂರನೇ ಒಂದು ಭಾಗದ ಮೆಟ್ಟಿಲೂ ಸಿಕ್ಕಿದಾಗ, ಎಲೆಕ್ಟ್ರಾನುಗಳ ಗುಂಪು ಎಲೆಕ್ಟ್ರಾನಿನ ವಿದ್ಯುದಂಶದ ಮೂರನೇ ಒಂದು ಭಾಗ ಹೊತ್ತ ಕಣಗಳಂತೆ ವರ್ತಿಸುತ್ತದೆಂದು ರಾಬರ್ಟ್ ಲಾಫ್ಲಿನ್ ವಿವರಿಸಿದರು. ಇಂಥವನ್ನು ಎನಿಯಾನ್ ಎನ್ನುತ್ತಾರೆ. ಒಂದನ್ನು ಇನ್ನೊಂದರ ಸುತ್ತ ಬಳಸಿ ತಂದರೆ ವ್ಯವಸ್ಥೆಗೆ ಅದರ ನೆನಪಿರುತ್ತದೆ. 2020ರಲ್ಲಿ ಪ್ಯಾರಿಸ್ ಮತ್ತು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡಗಳು ಈ ನೆನಪನ್ನು ನೇರವಾಗಿ ಅಳೆದವು. ಸುತ್ತುವ ಕ್ರಮ ಬದಲಾದರೆ ಫಲವೂ ಬದಲಾಗುವ ಬಗೆಯ ಎನಿಯಾನುಗಳು ದೊರೆತರೆ, ಹೊರಗಿನ ಗದ್ದಲಕ್ಕೆ ಬಗ್ಗದ ಗಣಕ ಕಟ್ಟಬಹುದೆಂದು ಅಲೆಕ್ಸಿ ಕಿಟಯೆವ್ 1997ರಲ್ಲಿ ಸೂಚಿಸಿದ್ದರು. ಅಂಥ ಕಣ ಸಿಕ್ಕಿತೆಂಬ ಹೇಳಿಕೆಗಳನ್ನು ಎಚ್ಚರದಿಂದ ಓದಬೇಕು: ಇದೇ ಬಗೆಯವೆನ್ನಲಾದ ಮಯೊರಾನಾ ಸ್ಥಿತಿಗಳ ಕುರಿತ 2018ರ ಪ್ರಸಿದ್ಧ ಪ್ರಬಂಧವೊಂದನ್ನು 2021ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಹೊಸ ವಸ್ತುಗಳ ಸಾಲಿನಲ್ಲಿ, ಎರಡು ಗ್ರಾಫೀನ್ ಹಾಳೆಗಳನ್ನು ಸುಮಾರು 1.1 ಡಿಗ್ರಿ ತಿರುಚಿ ಜೋಡಿಸಿದರೆ ಅತಿವಾಹಕವಾಗುತ್ತದೆಂದು 2018ರಲ್ಲಿ ತಿಳಿದ ಮೇಲೆ, ತಿರುಚಿದ ಪದರಗಳೇ ಒಂದು ದೊಡ್ಡ ಸಂಶೋಧನಾ ಕ್ಷೇತ್ರವಾಗಿವೆ.

ಕ್ಷೇತ್ರ ಸಿದ್ಧಾಂತದ ತೀರದ ಲೆಕ್ಕ

ಕಣಭೌತವಿಜ್ಞಾನದ ಭಾಷೆಯಾದ ಕ್ವಾಂಟಮ್ ಕ್ಷೇತ್ರ ಸಿದ್ಧಾಂತ ಪ್ರಯೋಗದಲ್ಲಿ ಅದ್ಭುತವಾಗಿ ಗೆದ್ದಿದೆ. ನಾಲ್ಕು ಆಯಾಮಗಳ ನಮ್ಮ ಜಗತ್ತಿನಲ್ಲಿ ಅದರ ಮುಖ್ಯ ಉದಾಹರಣೆಗಳು ಗಣಿತದ ದೃಷ್ಟಿಯಿಂದ ನಿಜವಾಗಿ ಇವೆ ಎಂದು ಮಾತ್ರ ಯಾರೂ ಸಾಧಿಸಿಲ್ಲ. 1954ರಲ್ಲಿ ಯಾಂಗ್ ಮತ್ತು ಮಿಲ್ಸ್ ಬರೆದ ಸಮೀಕರಣಗಳ ಕ್ವಾಂಟಮ್ ರೂಪವನ್ನು ಗಟ್ಟಿಯಾಗಿ ಕಟ್ಟಿ, ಅದರಲ್ಲಿ ಅತಿ ಹಗುರ ಕಣಕ್ಕೂ ಸೊನ್ನೆಯಲ್ಲದ ದ್ರವ್ಯರಾಶಿ ಇದೆಯೆಂದು ತೋರಿಸುವುದು ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿದ ಏಳು ಸಮಸ್ಯೆಗಳಲ್ಲಿ ಒಂದು. ಇದು ಬರಿಯ ಶುಚಿತ್ವದ ಗೀಳಲ್ಲ. ಪ್ರೋಟಾನಿನ ದ್ರವ್ಯರಾಶಿಯಲ್ಲಿ ಒಳಗಿನ ಕ್ವಾರ್ಕುಗಳ ಸ್ವಂತ ದ್ರವ್ಯರಾಶಿಯ ಪಾಲು ನೂರಕ್ಕೆ ಒಂದರಷ್ಟು ಮಾತ್ರ. ಉಳಿದದ್ದೆಲ್ಲ ಅವುಗಳ ಚಲನೆಯ ಶಕ್ತಿ ಮತ್ತು ಅವುಗಳನ್ನು ಬಂಧಿಸಿದ ಕ್ಷೇತ್ರದ ಶಕ್ತಿ. ನಮ್ಮ ದೇಹದ ತೂಕ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಸೂಪರ್‌ಕಂಪ್ಯೂಟರುಗಳು ಜಾಲಕ ವಿಧಾನದಿಂದ ಸಂಖ್ಯೆಯ ಉತ್ತರ ಕೊಟ್ಟಿವೆ, ಸಾಧನೆ ಇನ್ನೂ ಬಾಕಿ.

ಇದಕ್ಕಿಂತ ಸರಳವಾದ ಮಾದರಿಗಳಲ್ಲಿ ಪ್ರಗತಿ ಆಗಿದೆ. ತನ್ನೊಡನೆ ತಾನೇ ವರ್ತಿಸುವ ಅದಿಶ ಕ್ಷೇತ್ರವನ್ನು ಗ್ಲಿಮ್ ಮತ್ತು ಜಾಫಿ ಎರಡು, ಮೂರು ಆಯಾಮಗಳಲ್ಲಿ ಕಟ್ಟಿ ತೋರಿಸಿದರು. ಅದರ ಯಾದೃಚ್ಛಿಕ ಚಲನೆಯ ಸಮೀಕರಣಕ್ಕೆ ಅರ್ಥ ಕೊಡುವ ಹೊಸ ಗಣಿತವನ್ನು ಮಾರ್ಟಿನ್ ಹೈರರ್ ನಿರ್ಮಿಸಿ 2014ರ ಫೀಲ್ಡ್ಸ್ ಪದಕ ಪಡೆದರು. ನಾಲ್ಕು ಆಯಾಮಗಳಲ್ಲಿ ಜಾಲಕವನ್ನು ಸೂಕ್ಷ್ಮವಾಗಿಸುತ್ತ ಹೋದರೆ ಈ ಕ್ಷೇತ್ರದ ವರ್ತನೆಯೆಲ್ಲ ಕರಗಿ, ಪರಸ್ಪರ ಮುಟ್ಟದ ಅಲೆಗಳಷ್ಟೇ ಉಳಿಯುತ್ತವೆಂದು ಐಜೆನ್‌ಮನ್ ಮತ್ತು ದ್ಯುಮಿನಿಲ್-ಕೊಪಾನ್ 2021ರಲ್ಲಿ ಸಾಧಿಸಿದರು.

ಯಾದೃಚ್ಛಿಕ ಮಾತೃಕೆಗಳು ಮತ್ತು ಅವಿಭಾಜ್ಯ ಸಂಖ್ಯೆಗಳು

ಭಾರವಾದ ಪರಮಾಣು ಬೀಜಗಳ ಶಕ್ತಿಮಟ್ಟಗಳನ್ನು ಒಂದೊಂದಾಗಿ ಲೆಕ್ಕ ಹಾಕಲಾಗದೆ, 1950ರ ದಶಕದಲ್ಲಿ ಯೂಜಿನ್ ವಿಗ್ನರ್ ಅವನ್ನು ಮನಬಂದಂತೆ ಸಂಖ್ಯೆ ತುಂಬಿದ ಮಾತೃಕೆಗಳ ಮಟ್ಟಗಳೊಡನೆ ಹೋಲಿಸಿದರು. ಅಂತರಗಳ ಹಂಚಿಕೆ ಹೊಂದಿತು. 1972ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಚಹಾ ಸಮಯದಲ್ಲಿ ಭಾರತೀಯ ಸಂಖ್ಯಾಸಿದ್ಧಾಂತಿ ಸರ್ವದಮನ ಚೌಲಾ, ಯುವ ಗಣಿತಜ್ಞ ಹ್ಯೂ ಮಾಂಟ್‌ಗೊಮರಿಯನ್ನು ಫ್ರೀಮನ್ ಡೈಸನ್ನರಿಗೆ ಪರಿಚಯಿಸಿದರು. ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯನ್ನು ಹಿಡಿದಿಟ್ಟಿರುವ ರೀಮನ್ ಝೀಟಾ ಫಲನದ ಸೊನ್ನೆಗಳ ಅಂತರಕ್ಕೆ ತಾನು ಊಹಿಸಿದ ಸೂತ್ರವನ್ನು ಮಾಂಟ್‌ಗೊಮರಿ ಹೇಳುತ್ತಲೇ, ಅದು ಯಾದೃಚ್ಛಿಕ ಮಾತೃಕೆಗಳ ಸೂತ್ರವೆಂದು ಡೈಸನ್ ಗುರುತಿಸಿದರು. ಅವಿಭಾಜ್ಯ ಸಂಖ್ಯೆಗಳ ಹಿಂದೆ ಒಂದು ಕ್ವಾಂಟಮ್ ವ್ಯವಸ್ಥೆ ಅಡಗಿದೆಯೇ ಎಂಬ ಹುಡುಕಾಟ ಅಂದಿನಿಂದ ನಿಂತಿಲ್ಲ. ಇತ್ತ ಭೌತವಿಜ್ಞಾನದಲ್ಲಿ, ಹೊರಗಿನಿಂದ ಬೇರ್ಪಟ್ಟ ಕ್ವಾಂಟಮ್ ವ್ಯವಸ್ಥೆ ತನ್ನಷ್ಟಕ್ಕೆ ತಾನೇ ಉಷ್ಣ ಸಮತೋಲಕ್ಕೆ ಬರುವುದು ಹೇಗೆ, ಯಾವಾಗ ಬರುವುದಿಲ್ಲ ಎಂಬುದು ಬಿಸಿ ಚರ್ಚೆಯ ವಿಷಯ.

ಕ್ವಾಂಟಮ್ ಗಣಕ ಮತ್ತು ದೋಷ ತಿದ್ದುಪಡಿ

1994ರಲ್ಲಿ ಪೀಟರ್ ಶೋರ್, ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವ ವೇಗದ ಕ್ವಾಂಟಮ್ ವಿಧಾನ ಕೊಟ್ಟಾಗ ಬ್ಯಾಂಕು, ಇಂಟರ್‌ನೆಟ್ಟುಗಳ ಗೂಢಲಿಪಿ ಒಡೆಯುವ ಸಾಧ್ಯತೆ ಎದ್ದಿತು. ಅದಕ್ಕೆ ಬದಲಿ ಗೂಢಲಿಪಿಗಳ ಮಾನಕಗಳನ್ನು ಅಮೆರಿಕದ ಮಾನಕ ಸಂಸ್ಥೆ 2024ರಲ್ಲಿ ಪ್ರಕಟಿಸಿದೆ. ಗಣಕ ಕಟ್ಟುವವರ ದೊಡ್ಡ ಶತ್ರು ದೋಷ. ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡುವಂತಿಲ್ಲ; ನೋಡಿದರೆ ಕೆಡುತ್ತದೆ. ಆದರೂ ಒಂದು ಕ್ಯೂಬಿಟ್‌ನ (ಕ್ವಾಂಟಮ್ ಗಣಕದ ಮಾಹಿತಿ ಘಟಕದ) ಮಾಹಿತಿಯನ್ನು ಒಂಬತ್ತು ಕ್ಯೂಬಿಟ್‌ಗಳ ಹೆಣಿಗೆಯಲ್ಲಿ ಹರಡಿಟ್ಟರೆ ಮಾಹಿತಿಯನ್ನು ಓದದೆಯೇ ದೋಷವನ್ನು ಮಾತ್ರ ಪತ್ತೆಹಚ್ಚಿ ತಿದ್ದಬಹುದೆಂದು 1995ರಲ್ಲಿ ಶೋರ್ ತೋರಿಸಿದರು. ಬಿಡಿ ದೋಷದ ಪ್ರಮಾಣ ಒಂದು ಮಿತಿಗಿಂತ ಕೆಳಗಿದ್ದರೆ, ಹೆಚ್ಚು ಕ್ಯೂಬಿಟ್ ಸೇರಿಸಿದಷ್ಟೂ ಒಟ್ಟು ದೋಷ ತಗ್ಗುತ್ತದೆ. ಗೂಗಲ್‌ನ 105 ಕ್ಯೂಬಿಟ್‌ಗಳ ವಿಲ್ಲೋ ಚಿಪ್ 2024ರ ಕೊನೆಗೆ ಇದನ್ನು ಕಣ್ಣಿಗೆ ತೋರಿಸಿತು: ಸಂಕೇತದ ಅಳತೆಯನ್ನು 3ರಿಂದ 5ಕ್ಕೆ, 5ರಿಂದ 7ಕ್ಕೆ ಏರಿಸಿದಾಗ ದೋಷ ಪ್ರತಿ ಸಲವೂ ಅರ್ಧಕ್ಕಿಂತ ಕೆಳಗಿಳಿಯಿತು. ಕಡಿಮೆ ಕ್ಯೂಬಿಟ್ ಖರ್ಚಿನಲ್ಲಿ ಹೆಚ್ಚು ರಕ್ಷಣೆ ಕೊಡುವ ಸಂಕೇತಗಳು ಇರುವುದನ್ನು ಪಾಂಟೆಲೆಯೆವ್ ಮತ್ತು ಕಲಾಚೆವ್ 2021ರಲ್ಲಿ ಸಾಧಿಸಿದ್ದು, ಅವನ್ನು ಯಂತ್ರಕ್ಕೆ ಇಳಿಸುವ ಕೆಲಸ ನಡೆದಿದೆ. ವಿದ್ಯುನ್ಮಂಡಲದಂಥ ದೊಡ್ಡ ವಸ್ತುವೂ ಕ್ವಾಂಟಮ್ ನಿಯಮ ಪಾಲಿಸುತ್ತದೆಂದು 1980ರ ದಶಕದಲ್ಲಿ ತೋರಿಸಿ ಈ ಚಿಪ್‌ಗಳಿಗೆ ತಳಹದಿ ಹಾಕಿದ ಕ್ಲಾರ್ಕ್, ದೆವೊರೆ, ಮಾರ್ಟಿನಿಸ್ ಅವರಿಗೆ 2025ರ ನೊಬೆಲ್ ಬಂತು.

ಪರಿಸರದ ಜೊತೆ ಬೆರೆತ ಕ್ವಾಂಟಮ್ ವ್ಯವಸ್ಥೆ ಹೇಗೆ ಕೆಡುತ್ತದೆಂಬ ಗಣಿತಕ್ಕೆ ಭಾರತೀಯರ ಕೊಡುಗೆ ದೊಡ್ಡದು. ಇ.ಸಿ.ಜಿ. ಸುದರ್ಶನ್, ಗೊರಿನಿ, ಕೊಸಕೋವ್‌ಸ್ಕಿ ಹಾಗೂ ಪ್ರತ್ಯೇಕವಾಗಿ ಲಿಂಡ್‌ಬ್ಲಾಡ್ 1976ರಲ್ಲಿ ಕೊಟ್ಟ ಸಮೀಕರಣವನ್ನು ಇಂದು ಕ್ಯೂಬಿಟ್ ಕಟ್ಟುವ ಪ್ರತಿಯೊಬ್ಬರೂ ಬಳಸುತ್ತಾರೆ. ಕೆ.ಆರ್. ಪಾರ್ಥಸಾರಥಿ, ಹಡ್ಸನ್ ಜೊತೆ 1984ರಲ್ಲಿ ಕ್ವಾಂಟಮ್ ಯಾದೃಚ್ಛಿಕ ಕಲನಶಾಸ್ತ್ರವನ್ನು ಸ್ಥಾಪಿಸಿದರು. 2023ರಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಗಣಕ ವಿಭಾಗದ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಯಂತ್ರಗಳಿಗೆ ಹಣ ಹರಿಯುವ ಈ ಹೊತ್ತಿನಲ್ಲಿ, ಸುದರ್ಶನ್ ಮತ್ತು ಪಾರ್ಥಸಾರಥಿಯವರ ಬಗೆಯ ಕಾಗದ-ಪೆನ್ಸಿಲಿನ ಕೆಲಸಕ್ಕೂ ಅಷ್ಟೇ ಪೋಷಣೆ ಸಿಗಬೇಕು.

ಅಳತೆ, ಗುರುತ್ವ

ಅಳೆದಾಗ ಹಲವು ಸಾಧ್ಯತೆಗಳಲ್ಲಿ ಒಂದೇ ಒಂದು ನಿಜವಾಗುವುದೇಕೆ ಎಂಬ ಹಳೆಯ ಪ್ರಶ್ನೆಗೆ ಬೋಮ್, ಎವೆರೆಟ್ ಮೊದಲಾದವರ ಉತ್ತರಗಳಿವೆ, ಒಮ್ಮತವಿಲ್ಲ. ಈಗ ಆ ಪ್ರಶ್ನೆಯೂ ಪ್ರಯೋಗಶಾಲೆಗೆ ಬಂದಿದೆ. 1999ರಲ್ಲಿ 60 ಇಂಗಾಲದ ಪರಮಾಣುಗಳ ಅಣುವನ್ನು ಅಲೆಯಂತೆ ವ್ಯತಿಕರಿಸಿ ತೋರಿಸಿದ ವಿಯೆನ್ನಾದವರು 2019ರ ಹೊತ್ತಿಗೆ 25,000 ಪರಮಾಣು ದ್ರವ್ಯಮಾನ ಏಕಾಂಕಗಳನ್ನು ಮೀರಿದ ಅಣುಗಳಿಗೆ ತಲುಪಿದರು. ಮೂರು ಸೀಳುಗಳ ಪ್ರಯೋಗದಿಂದ ಸಂಭವನೀಯತೆಯ ಬಾರ್ನ್ ನಿಯಮವನ್ನು 2010ರಲ್ಲಿ ಒರೆಗೆ ಹಚ್ಚಿದ ತಂಡದಲ್ಲಿದ್ದ ಉರ್ಬಸಿ ಸಿನ್ಹಾ ಬಳಿಕ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಯೋಗಶಾಲೆ ಕಟ್ಟಿದ್ದಾರೆ. ಎರಡು ಪುಟ್ಟ ಹರಳುಗಳು ಗುರುತ್ವದಿಂದ ಮಾತ್ರ ಪರಸ್ಪರ ಹೆಣೆದುಕೊಳ್ಳುತ್ತವೆಯೇ ಎಂದು ನೋಡಿ ಗುರುತ್ವವೂ ಕ್ವಾಂಟಮ್ ಸ್ವಭಾವದ್ದೇ ಎಂದು ತಿಳಿಯುವ ಉಪಾಯವನ್ನು 2017ರಲ್ಲಿ ಸೌಗತ ಬೋಸ್ ಮತ್ತು ಸಂಗಡಿಗರು, ಪ್ರತ್ಯೇಕವಾಗಿ ಮಾರ್ಲೆಟ್ಟೊ ಮತ್ತು ವೆದ್ರಾಲ್ ಮುಂದಿಟ್ಟರು. ಅಷ್ಟು ಸೂಕ್ಷ್ಮ ಪ್ರಯೋಗ ಇನ್ನೂ ಕೈಗೂಡಿಲ್ಲ.

ಫಾನ್ ನಾಯ್ಮನ್ನರ ಮೂರನೆಯ ಬಗೆ ಕೆಲಸಕ್ಕೆ ಬಂದದ್ದು ಇಲ್ಲಿ. ಕ್ಷೇತ್ರ ಸಿದ್ಧಾಂತದಲ್ಲಿ ಒಂದು ಸೀಮಿತ ಪ್ರದೇಶದ ಬೀಜಗಣಿತ ಮೂರನೆಯ ಬಗೆಯದು. ಆದ್ದರಿಂದ ಆ ಪ್ರದೇಶಕ್ಕೂ ಹೊರಗಿನದಕ್ಕೂ ಇರುವ ಹೆಣಿಗೆಯ ಮೊತ್ತ, ಅಂದರೆ ಎಂಟ್ರೊಪಿ, ಅನಂತ. ಕೃಷ್ಣರಂಧ್ರದ ಎಂಟ್ರೊಪಿಯಾದರೋ ಅದರ ಮೇಲ್ಮೈ ವಿಸ್ತೀರ್ಣಕ್ಕೆ ಅನುಪಾತದಲ್ಲಿರುವ ಸಾಂತ ಸಂಖ್ಯೆಯೆಂದು ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ 1970ರ ದಶಕದಲ್ಲೇ ಹೇಳಿದ್ದರು. ಗುರುತ್ವವನ್ನು ಅಲ್ಪ ಪ್ರಮಾಣದಲ್ಲಿ ಲೆಕ್ಕಕ್ಕೆ ಸೇರಿಸಿದೊಡನೆ ಕೃಷ್ಣರಂಧ್ರದ ಹೊರಗಿನ ಬೀಜಗಣಿತ ಮೂರನೆಯ ಬಗೆಯಿಂದ ಎರಡನೆಯದಕ್ಕೆ ಬದಲಾಗುತ್ತದೆ, ಅಲ್ಲಿ ಎಂಟ್ರೊಪಿಗೆ ಅರ್ಥ ಬರುತ್ತದೆ ಎಂದು 2021ರಲ್ಲಿ ವಿಟ್ಟನ್ ತೋರಿಸಿದರು. ಮರುವರ್ಷ ಚಂದ್ರಶೇಖರನ್, ಲೊಂಗೊ, ಪೆನಿಂಗ್ಟನ್, ವಿಟ್ಟನ್ ಇದೇ ವಿಧಾನವನ್ನು ವಿಸ್ತರಿಸುತ್ತಿರುವ ಡಿ ಸಿಟ್ಟರ್ ವಿಶ್ವಕ್ಕೆ ಅನ್ವಯಿಸಿದರು. ಅಲ್ಲಿ ಲೆಕ್ಕ ಕೂಡಿಬರಬೇಕಾದರೆ ಗಡಿಯಾರ ಹಿಡಿದ ಒಬ್ಬ ವೀಕ್ಷಕನನ್ನೂ ವಿಶ್ವದ ಭಾಗವಾಗಿ ಸಮೀಕರಣದೊಳಕ್ಕೆ ಸೇರಿಸಬೇಕಾಯಿತು. ಗುರುತ್ವ ದುರ್ಬಲವಾಗಿದ್ದಾಗಷ್ಟೇ ಈ ಲೆಕ್ಕ ನಿಲ್ಲುತ್ತದೆ. ಅದನ್ನು ದುರ್ಬಲವೆಂದು ಭಾವಿಸದೆಯೂ ಎಂಟ್ರೊಪಿಯನ್ನು ಎಣಿಸಬಲ್ಲ ಬೀಜಗಣಿತ ಯಾವುದು ಎಂಬುದರ ಮೇಲೆ ಬೆಂಗಳೂರಿನ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರವೂ ಸೇರಿದಂತೆ ಹಲವೆಡೆ ಕ್ವಾಂಟಮ್ ಗುರುತ್ವದ ಸಂಶೋಧಕರು ಯೋಚಿಸುತ್ತಿದ್ದಾರೆ.